ಪಿಕಪ್ಪು: ಎತ್ತಿದ್ದು, ಎಳೆದದ್ದು

"ಪಿಕಪ್ಪಿಗೇ ಪಿಕಪ್ ಇಲ್ಲ ಭಾಯ್." ಮಾಲೂರಿನ ಕಡೆಯಿಂದ ಟೊಮೆಟೊ ತಂದಿಳಿಸಿ, ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳ ಹಿಂದಿನ ಗಲ್ಲಿಗೆ ಗಾಡಿ ತಿರುಗಿಸಿಕೊಂಡು ಬಂದ ಚಾಲಕನ ಬಾಯಲ್ಲಿ ಇಂಥ ವಾಕ್ಯ ಸಲೀಸಾಗಿ ಹೊರಡುತ್ತದೆ. ಕೇಳಿದ ಮೆಕ್ಯಾನಿಕ್ ತಲೆ ಕೆರೆದುಕೊಳ್ಳುವುದಿಲ್ಲ. ಮೊದಲ ಪಿಕಪ್ಪು ನಾಲ್ಕು ಚಕ್ರ, ಮುಂದೊಂದು ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ವಸ್ತು. ಎರಡನೆಯದು ಆ ವಸ್ತುವಿನಲ್ಲಿ ಇರಬೇಕಾಗಿದ್ದು ಇಲ್ಲವಾದ ಸತ್ವ. ಚತುರ್ಥಿಯ ಪ್ರತ್ಯಯ ಹತ್ತಿದ್ದು ದ್ರವ್ಯ, ಹತ್ತದೆ ಬರಿದೇ ನಿಂತದ್ದು ಗುಣ. ಎರಡಕ್ಕೂ ಒಂದೇ ಹೆಸರು ಬಂದದ್ದು ಹೇಗೆಂದು ಅವರಿಬ್ಬರಿಗೆ ಚಿಂತೆಯಿಲ್ಲ. ಬಾನೆಟ್ಟಿನ ಪಕ್ಕ ನಿಂತು ಆ ಚಿಂತೆ ಮಾಡುವುದು ನಮ್ಮಂಥವರ ಪಾಲಿನ ಕೆಲಸ.

ಇಂಗ್ಲಿಷಿನಲ್ಲಿ ಇದು ಮೊದಲು ಕ್ರಿಯೆ: ಹೆಕ್ಕು, ಆಯ್ದುಕೊ, ನೆಲದಿಂದ ಮೇಲಕ್ಕೆತ್ತು. ಕಾಳು ಹೆಕ್ಕುವುದರಿಂದ ಹಿಡಿದು ಜಾಡು ಹಿಡಿಯುವುದು, ಬೇರೆ ನಾಡಿನಲ್ಲಿ ನಾಲ್ಕು ಮಾತು ಕಲಿಯುವುದು, ದಾರಿಯಲ್ಲಿ ಕಾದವರನ್ನು ಗಾಡಿಗೆ ಹತ್ತಿಸಿಕೊಳ್ಳುವುದು, ಜಡ್ಡು ಬಿಟ್ಟು ಚೇತರಿಸಿಕೊಳ್ಳುವುದು, ಗ್ರಾಮಫೋನಿನ ಮುಳ್ಳು ತಟ್ಟೆಯ ಗೀರಿನಿಂದ ನಾದವನ್ನು ಎತ್ತಿಕೊಳ್ಳುವುದು, ಹೀಗೆ ಅದರ ಕೈಗೆ ಸಿಕ್ಕದ ಸಾಮಾನಿಲ್ಲ. ಓಡುವ ಯಂತ್ರಗಳು ಬಂದ ಮೇಲೆ ವೇಗವೂ ಎತ್ತಿಕೊಳ್ಳುವ ಸಾಮಾನಾಯಿತು. ಇಂಜಿನು ಎಷ್ಟು ಚುರುಕಾಗಿ ವೇಗವನ್ನು ಎತ್ತಿಕೊಳ್ಳಬಲ್ಲದೋ ಅದು ಅದರ ಪಿಕಪ್ಪು. ಸರಕು ಎತ್ತಿಕೊಂಡು ಬರುವ ಗಾಡಿಗೂ ಬೇರೊಂದು ದಾರಿಯಲ್ಲಿ ಇದೇ ಹೆಸರು ಅಂಟಿತು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಗಾಡಿಯ ಬೆನ್ನಿಗೆ ತೊಟ್ಟಿ ಕೂರಿಸಿ, ಪಿಕಪ್ ಎಂಬ ಮಾತನ್ನು ಹೆಸರಿನಲ್ಲೇ ಸೇರಿಸಿ, 281 ಡಾಲರಿಗೆ ಮಾರಿತು. ಅಂದರೆ ಗಾಡಿಯ ಪಿಕಪ್ಪು, ಗುಣದ ಪಿಕಪ್ಪು ಒಂದೇ ತಾಯಿಯ ಮಕ್ಕಳು. ಒಂದು ಮೂಟೆಯನ್ನು ಎತ್ತಿತು, ಇನ್ನೊಂದು ವೇಗವನ್ನು. ತವರಿನಲ್ಲಿ ಗಾಡಿಯಾದವನು ಕುಟುಂಬದ ಹೆಸರನ್ನೆಲ್ಲ ತಾನೇ ಹೊತ್ತುಕೊಂಡ, ಗುಣವಾದವನು ಹಿಂದೆ ಸರಿದ. ನಮ್ಮಲ್ಲಿ ಇಬ್ಬರೂ ಸರಿಸಮನಾಗಿ ಬಾಳಿದರು.

ಬಾಳಿದ ಬಗೆಯೂ ಕನ್ನಡದ್ದೇ. ಇಂಗ್ಲಿಷಿನ ಕ್ರಿಯೆಯನ್ನು ನಾವು ಕ್ರಿಯೆಯಾಗಿ ತೆಗೆದುಕೊಳ್ಳಲಿಲ್ಲ. ನಾಮಪದವಾಗಿ ತಂದು, ಕೊನೆಗೊಂದು ಉಕಾರವಿಟ್ಟು, ಪಕಾರವನ್ನು ಒತ್ತಿ, ಕಪ್ಪು, ಉಪ್ಪು, ಸೊಪ್ಪುಗಳ ಸಾಲಿನಲ್ಲಿ ಕೂರಿಸಿ, ಆಮೇಲೆ ನಮ್ಮ ಕ್ರಿಯಾಪದಗಳಿಗೆ ಗಂಟು ಹಾಕಿದೆವು. ಗಂಟು ಬದಲಾದರೆ ಅರ್ಥವೂ ಬದಲು. 'ಪಿಕಪ್ ಇದೆ' ಎಂದರೆ ಸ್ವಭಾವ. 'ಪಿಕಪ್ ತಗೊಳ್ತಿಲ್ಲ' ಎಂದರೆ ಈ ಹೊತ್ತಿನ ಕಾಯಿಲೆ. 'ಪಿಕಪ್ ಆಯ್ತು' ಎಂದರೆ ಚೇತರಿಕೆ, ಅದು ಗಾಡಿಯದಲ್ಲ, ವ್ಯಾಪಾರದ್ದು. ಮೊದಲ ವಾರ ಖಾಲಿ ಹೊಡೆದು ಎರಡನೇ ವಾರ 'ಪಿಕಪ್ ಆದ' ಸಿನಿಮಾ, ಶಿವರಾತ್ರಿ ಕಳೆದ ಮೇಲೆ 'ಪಿಕಪ್ ಆದ' ಎಳನೀರಿನ ವ್ಯಾಪಾರ, ಕಿರುಪರೀಕ್ಷೆಯಲ್ಲಿ ಮುಗ್ಗರಿಸಿ ಆಮೇಲೆ ಗಣಿತದಲ್ಲಿ 'ಪಿಕಪ್ ಆದ' ಹುಡುಗಿ, ಎಲ್ಲ ಈ ಒಂದೇ ಗಂಟಿನವು. ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ರಾತ್ರಿ ಪಾಳಿಯ ಕ್ಯಾಬುಗಳು ಬಳಸುವ 'ಪಿಕಪ್ಪು ಡ್ರಾಪು' ದ್ವಂದ್ವಸಮಾಸ. ಅಲ್ಲಿ ಎತ್ತಿಕೊಳ್ಳುವುದಕ್ಕೆ ಇಳಿಸುವುದೇ ಜೋಡಿ.

ಬೆನ್ಸನ್ ಟೌನಿನಂಥ ಕಡೆ ಈ ಪದಕ್ಕೆ ಒಗ್ಗಿದ ಹವೆಯೊಂದಿದೆ. 1809ರಲ್ಲಿ ನೆಲೆಯೂರಿದ ದಂಡು, 1949ರವರೆಗೆ ಪೇಟೆಯಿಂದ ಬೇರೆಯೇ ಆಡಳಿತ, ಸುತ್ತ ದಖ್ಖನಿ, ತಮಿಳು, ಕನ್ನಡ, ತೆಲುಗು, ಇಂಗ್ಲಿಷು. ಮಿಲ್ಲರ್ಸ್ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಯ ಸುತ್ತ ಸೇರಿದವರು ತಂತಮ್ಮ ಭಾಷೆಯಲ್ಲಿ ಸಲಹೆ ಕೊಡುವಾಗ, ಹಲಸೂರಿನವನ 'ಪಿಕಪ್ ಇಲ್ಲೆ', ಶಿವಾಜಿನಗರದವನ 'ಪಿಕಪ್ ನಹೀ', ಹೊಸಕೋಟೆಯವನ 'ಪಿಕಪ್ ಇಲ್ಲ' ಮೂರೂ ನಿಷೇಧದಲ್ಲಿ ಮಾತ್ರ ಬೇರೆ, ನಿಷೇಧಕ್ಕೊಳಗಾದದ್ದರಲ್ಲಿ ಒಂದು. ಪಿಕಪ್ಪಿಗೆ ಮುಂಚೆ ಇಂಥ ಗಾಡಿಗಳಿಗೆಲ್ಲ 'ಟೆಂಪೋ' ಎಂಬ ಹೆಸರಿತ್ತು. ಹ್ಯಾಂಬರ್ಗಿನ ವಿಡಾಲ್ ಕಂಪನಿಯ ಆ ಮುದ್ರೆ ಪುಣೆಯ ಬಜಾಜ್ ಟೆಂಪೋ ಮೂಲಕ ನಮ್ಮಲ್ಲಿಗೆ ಬಂದು ಜಾತಿವಾಚಕವಾಯಿತು. ಜರ್ಮನ್ನಿನಲ್ಲಿ ಟೆಂಪೋ ಎಂದರೆ ವೇಗ, ಅದರ ಲ್ಯಾಟಿನ್ ಮೂಲದಲ್ಲಿ ಕಾಲ. ಕಾಲ ವೇಗವಾಗಿ, ವೇಗ ಗಾಡಿಯಾಗಿ, ಕೊನೆಗೆ ಆ ಗಾಡಿ ಊರಿನಲ್ಲೆಲ್ಲ ನಿಧಾನಕ್ಕೆ ಹೆಸರಾದದ್ದು ಬೇರೆಯೇ ಕಥೆ.

ಇದರ ಉಲ್ಟಾ ದಾರಿಯಲ್ಲಿ ನಡೆದ ಪದ ನಮ್ಮ ಮನೆಯಲ್ಲೇ ಇದೆ. ವಿಜ್ ಎಂಬ ಧಾತುವಿನಿಂದ ವೇಗ. ಅದರ ಒಡಹುಟ್ಟುಗಳು ಆವೇಗ, ಉದ್ವೇಗ. ವೈಶೇಷಿಕರು ಅದನ್ನು ಸಂಸ್ಕಾರದ ಒಂದು ಭೇದವೆಂದರು, ಆಯುರ್ವೇದದವರು ತಡೆಹಿಡಿಯಬಾರದ ಸೀನು, ಆಕಳಿಕೆ, ಹಸಿವುಗಳಿಗೆ ಆ ಹೆಸರಿಟ್ಟರು. ವೀಥಿ ಬೀದಿಯಾದಂತೆ, ವರ್ಣ ಬಣ್ಣವಾದಂತೆ, ವಕಾರ ಬಕಾರವಾಗಿ ಅದು ನಮ್ಮಲ್ಲಿ 'ಬೇಗ'ವಾಯಿತು, ಆಗುತ್ತಲೇ ರಸ್ತೆ ಬಿಟ್ಟು ಗಡಿಯಾರ ಹತ್ತಿತು: 'ಬೇಗ ಎದ್ದ' ಎಂದರೆ ಧಿಗ್ಗನೆ ಎದ್ದನೆಂದಲ್ಲ, ಹೊತ್ತಿಗೆ ಮುಂಚೆ ಎದ್ದನೆಂದು. ಹಳಗನ್ನಡದ ಕಡುಪು, ನಡುಗನ್ನಡದ ಉರವಣೆ ಎರಡರಲ್ಲೂ ನುಗ್ಗುವ ರಭಸ ಚೆನ್ನಾಗಿಯೇ ಇತ್ತು. ಯಾವ ಗ್ಯಾರೇಜಿಗೂ ಅವು ಬರಲಿಲ್ಲ. ಜವ ಎಂಬುದು ಶಾಲೆಯ ಪುಸ್ತಕದಲ್ಲಿ ದಿಕ್ಕಿಲ್ಲದ ವೇಗಕ್ಕೆ ಮೀಸಲಾಯಿತು. ಯಮನ ತದ್ಭವವೂ ಜವನೇ ಆದ್ದರಿಂದ, ಹೆದ್ದಾರಿಯ ಫಲಕದಲ್ಲಿ ಆ ಪದ ಹಾಕಿದರೆ ಒಂದೇ ಖರ್ಚಿನಲ್ಲಿ ಎರಡು ಎಚ್ಚರಿಕೆ!

ಪಿಕಪ್ಪಿಗೆ ಪಠ್ಯಪುಸ್ತಕ ಕೊಟ್ಟ ಸಾಟಿ ವೇಗೋತ್ಕರ್ಷ. ಬಾಯಿ ತುಂಬುವ ಈ ಪದವನ್ನು ನೋಡಿ ನಗುವವರುಂಟು, ನನಗೆ ಹಾಗನ್ನಿಸುವುದಿಲ್ಲ. ಉತ್ಕರ್ಷದೊಳಗೆ ಇರುವುದು ಕೃಷ್ ಧಾತು, ಎಂದರೆ ಎಳೆ. ನೇಗಿಲೆಳೆದರೆ ಕೃಷಿ, ತನ್ನತ್ತ ಎಳೆದರೆ ಆಕರ್ಷಣೆ, ಮೇಲಕ್ಕೆಳೆದರೆ ಉತ್ಕರ್ಷ. ವೇಗವನ್ನು ಮೇಲಕ್ಕೆಳೆಯುವುದು ಎಂದ ಪಂಡಿತ, ವೇಗವನ್ನು ಮೇಲಕ್ಕೆತ್ತುವುದು ಎಂದ ಇಂಗ್ಲಿಷಿನವ, 'ಗಾಡಿ ಎಳೀತಿಲ್ಲ' ಎನ್ನುವ ನಮ್ಮ ಚಾಲಕ, ಮೂವರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಚಿತ್ರಕ್ಕೆ ಕೈಹಾಕಿದ್ದಾರೆ. ಚಾಲಕನ ಆ 'ಎಳೆ' ಹಳಗನ್ನಡದ 'ಎೞೆ', ಎಳೆಗರುವಿನ ಎಳೆಯಲ್ಲ. ೞಕಾರ ಅಳಿದು ಎರಡೂ ಒಂದೇ ಲಿಪಿಗೆ ಬಿದ್ದವು. 'ಎರ್ತು' ಎಂಬ ಪ್ರಾಣಿ, 'ಎತ್ತು' ಎಂಬ ಕ್ರಿಯೆ ಒಂದಾದಂತೆಯೇ.

ಹೀಗೆ ಚಿತ್ರ ಒಂದಾದರೂ ಪಿಕಪ್ಪು, ವೇಗೋತ್ಕರ್ಷ ಸಮಾನಾರ್ಥಕಗಳಲ್ಲ. ಅಮೆರಿಕದಲ್ಲಿ 2021ರಲ್ಲಿ ಫೋರ್ಡ್ ಹೊರತಂದ ಮ್ಯಾವೆರಿಕ್ ಎಂಬ ಚಿಕ್ಕ ಪಿಕಪ್ಪನ್ನು ತೆಗೆದುಕೊಳ್ಳೋಣ. ಒಂದೇ ಮೈ, ಎರಡು ಜೀವ. ಒಂದು ಹೈಬ್ರಿಡ್: 2.5 ಲೀಟರಿನ ಪೆಟ್ರೋಲ್ ಇಂಜಿನು, ಜೊತೆಗೊಂದು ವಿದ್ಯುತ್ ಮೋಟಾರು, ಒಟ್ಟು 191 ಅಶ್ವಶಕ್ತಿ. ಇನ್ನೊಂದು ಟರ್ಬೊ: 2 ಲೀಟರು, 250 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ಮುಟ್ಟಲು ಟರ್ಬೊಗೆ ಸುಮಾರು 6 ಸೆಕೆಂಡು, ಹೈಬ್ರಿಡ್ಡಿಗೆ ಸುಮಾರು 8. ಗಡಿಯಾರ ಹಿಡಿದವನ ಲೆಕ್ಕದಲ್ಲಿ ಟರ್ಬೊದ್ದೇ ಹೆಚ್ಚಿನ ವೇಗೋತ್ಕರ್ಷ, ತಕರಾರಿಲ್ಲ. ಆದರೆ ನಮ್ಮ ಚಾಲಕ ಪಿಕಪ್ ಎನ್ನುವಾಗ 96ರ ಸುದ್ದಿಗೆ ಹೋಗುವುದಿಲ್ಲ; ಕಂಟೋನ್ಮೆಂಟ್ ರೈಲು ನಿಲ್ದಾಣದ ಬಳಿ ಆ ಅಂಕೆ ಯಾರಿಗೂ ದಕ್ಕಿದ್ದಲ್ಲ. ಅವನು ಹೇಳುವುದು ಕಾಲು ಒತ್ತಿದ್ದಕ್ಕೂ ಬೆನ್ನು ಸೀಟಿಗೆ ಒತ್ತಿದ್ದಕ್ಕೂ ನಡುವಿನ ಗಳಿಗೆಯನ್ನು. ಮೋಟಾರು ಸೊನ್ನೆಯಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ. ಟರ್ಬೊ ಕಾಯಿಸುತ್ತದೆ: ಇಂಜಿನಿನ ಹೊಗೆ ಹೊರಡಬೇಕು, ಆ ಹೊಗೆ ಚಕ್ರವನ್ನು ತಿರುಗಿಸಬೇಕು, ಚಕ್ರ ಗಾಳಿಯನ್ನು ಒತ್ತಿ ಒಳಗೆ ತುಂಬಬೇಕು, ಆಮೇಲೆ ಎಳೆತ. ಲ್ಯಾಟಿನ್ನಿನಲ್ಲಿ ಟರ್ಬೊ ಎಂದರೆ ಸುಂಟರಗಾಳಿ, ಬುಗುರಿ. ಬುಗುರಿಗೆ ಗಿರಕಿ ಹತ್ತಲು ಹೊತ್ತು ಬೇಕಲ್ಲ! ಕೆ.ಆರ್. ಪುರದ ತೂಗುಸೇತುವೆಯ ಏರಿನಲ್ಲಿ ಲೋಡು ಹೊತ್ತು, ನಿಂತು, ಮತ್ತೆ ಹೊರಡುವವನಿಗೆ ಆ ಹೊತ್ತೇ ಮುಖ್ಯ. ಪಂಡಿತರ ಪದ ಒಟ್ಟು ಏರಿಕೆಯನ್ನು ಅಳೆಯುತ್ತದೆ, ಗ್ಯಾರೇಜಿನ ಪದ ಓಗೊಡುವಿಕೆಯನ್ನು; ಸೂಕ್ಷ್ಮದಲ್ಲಿ ಗೆದ್ದದ್ದು ಗ್ಯಾರೇಜೇ ಎಂದು ನನ್ನ ಎಣಿಕೆ.

ಹೈಬ್ರಿಡ್ಡಿಗೂ ಒಂದು ಮಾತು ಸಲ್ಲಬೇಕು. ಲ್ಯಾಟಿನ್ನಿನಲ್ಲಿ ಅದು ಸಾಕುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿ. ನಮಗೆ ಬಂದದ್ದು ಬೀಜದ ಚೀಲದಲ್ಲಿ. 1972ರಲ್ಲಿ ಧಾರವಾಡದ ಬಿ.ಎಚ್. ಕಟರಕಿಯವರು ಎರಡು ಜಾತಿಯ ಹತ್ತಿಯನ್ನು ಬೆರೆಸಿ ತೆಗೆದ 'ವರಲಕ್ಷ್ಮಿ' ಆ ಪದಕ್ಕೆ ಒಳ್ಳೆಯ ಹೆಸರು ತಂದರೆ, ತರಕಾರಿ ಅಂಗಡಿಯಲ್ಲಿ ಅದೇ 'ನಾಟಿ'ಯ ವಿರುದ್ಧಪದವಾಗಿ ಗಾತ್ರವಿದ್ದೂ ರುಚಿಯಿಲ್ಲದ್ದು ಎಂಬ ಅಪವಾದ ಹೊತ್ತಿತು. ಬಿಡದಿಯ ಟೊಯೋಟ ಕಾರ್ಖಾನೆಯಿಂದ ಹೈಬ್ರಿಡ್ ಇನೋವಾ ಹೊರಬಂದ ಮೇಲೆ ಪದ ಮತ್ತೆ ಮೈಕೊಡವಿ ಎದ್ದು ಶ್ರೀಮಂತರ ಮನೆ ಮುಂದೆ ನಿಂತಿದೆ.

ಇನ್ನು ಟೊಮೆಟೊ ಗಾಡಿ. ಅದು 2.5 ಲೀಟರಿನ ಟರ್ಬೊ ಡೀಸೆಲ್ಲಿನ ಬೊಲೆರೊ. ಅದರ ಹಿಂಬದಿಯಲ್ಲಿ ಕಂಪನಿಯೇ ಪಿಕಪ್ ಎಂದು ಬರೆದಿದೆ. ಮೆಕ್ಯಾನಿಕ್ ಇಂಜಿನು ಚಾಲೂ ಇಟ್ಟು, ಇಂಟರ್‌ಕೂಲರಿಗೆ ಹೋಗುವ ದಪ್ಪ ಕಪ್ಪು ಹೋಸ್ ಪೈಪನ್ನು ಅಂಗೈಯಲ್ಲಿ ಹಿಡಿಯುತ್ತಾನೆ, ಹುಡುಗನಿಗೆ "ರೇಸ್ ಕೊಡು" ಎನ್ನುತ್ತಾನೆ. ಪೈಪು ಉಬ್ಬಿ ಗಟ್ಟಿಯಾಗಬೇಕಿತ್ತು, ಆಗುವುದಿಲ್ಲ. ಬೆರಳು ಕ್ಲಿಪ್ಪಿನ ಕೆಳಗೆ ಸರಿದು ಎಣ್ಣೆಜಿಡ್ಡಿನ ಸೀಳನ್ನು ಮುಟ್ಟಿ ನಿಲ್ಲುತ್ತದೆ. "ಗಾಳಿ ಹೊರಗೆ ಹೋಗ್ತಾ ಇದೆ ಅಣ್ಣ, ಪಿಕಪ್ ಎಲ್ಲಿಂದ ಬರಬೇಕು?"

ಈಗ ಈ ಪದದ ವಾಕ್ಯರಚನೆಯೇ ಹೊರಳುತ್ತಿದೆ. 2005ರಲ್ಲಿ ಬಂದ ಟಾಟಾ ಏಸ್‌ಗೆ 16 ಅಶ್ವಶಕ್ತಿಯ ಡೀಸೆಲ್ ಇಂಜಿನು. 2022ರಲ್ಲಿ ಬಂದ ಅದರ ವಿದ್ಯುತ್ ರೂಪಕ್ಕೆ 36 ಅಶ್ವಶಕ್ತಿಯ ಮೋಟಾರು, ಇಂಜಿನೇ ಇಲ್ಲ. ಇಷ್ಟು ಕಾಲ 'ಇಲ್ಲ', 'ಕಮ್ಮಿ', 'ಬರ್ತಿಲ್ಲ'ಗಳ ಜೊತೆಯಲ್ಲೇ ಬಾಳಿದ ಪಿಕಪ್ಪು, ಕರೆಂಟ್ ಗಾಡಿಗೆ ಹೊಸದಾಗಿ ಕೂತವರ ಬಾಯಲ್ಲಿ 'ಜಾಸ್ತಿ'ಯ ಪಕ್ಕ ಕೇಳಿಸತೊಡಗಿದೆ: "ಪಿಕಪ್ ಜಾಸ್ತಿ ಆಯ್ತು, ಇಕೋ ಮೋಡ್‌ಗೆ ಹಾಕಿಕೊಡಿ."