ತೆರೆ

ಜುಲೈ ತಿಂಗಳಲ್ಲಿ ಮರವಂತೆಯ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ ತುಂಬಿ ಹರಿಯುತ್ತಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ಕಡಲು ಬಂಡೆಗಳಿಗೆ ಅಪ್ಪಳಿಸುತ್ತಿರುತ್ತದೆ. ಡಿಸೆಂಬರಿನಲ್ಲಿ ಅದೇ ಕಡಲು ಮರಳಿನ ಮೇಲೆ ಸಣ್ಣಗೆ ಮಡಿಚಿಕೊಳ್ಳುತ್ತದೆ. ಆ ಅಬ್ಬರಕ್ಕೂ ಈ ಸೌಮ್ಯತೆಗೂ ಕನ್ನಡದ ಒಂದೇ ಮಾತು ಸಲ್ಲುತ್ತದೆ: ತೆರೆ.

ಇದೇ ತೆರೆ ಮುಖದ ಮೇಲೂ ಏಳುತ್ತದೆ. ನರೆ ಕೂದಲಿಗೆ, ತೆರೆ ಚರ್ಮಕ್ಕೆ. ಹಿರಿಯರು ಮುಪ್ಪನ್ನು ‘ನರೆತೆರೆ’ ಎಂದರು. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ತೆರೆ ಮೂಡುವುದು ಗಲ್ಲದ ಮೇಲೆ. ರಂಗಸ್ಥಳದಲ್ಲಿ ಹಿಡಿಯುವ ಬಟ್ಟೆಯೂ ತೆರೆಯೇ. ತಮಿಳಿನ ‘ತಿರೈ’ಗೂ ಈ ಮೂರು ಅರ್ಥಗಳಿವೆ. ನೀರು, ಚರ್ಮ, ಬಟ್ಟೆ ಮೂರರಲ್ಲೂ ನಮ್ಮವರು ಕಂಡದ್ದು ಮಡಿಕೆಯನ್ನು.

ಎಂಥ ಖಚಿತವಾದ ಕಣ್ಣು ಅದು! ನಡುಗಡಲಿನಲ್ಲಿ ತೆರೆ ಓಡಿದಂತೆ ಕಂಡರೂ ನೀರು ಹೆಚ್ಚುಕಡಿಮೆ ಇದ್ದಲ್ಲೇ ಮೇಲೆದ್ದು, ಸುತ್ತಿ, ಇಳಿಯುತ್ತದೆ. ಕೊಡವಿದ ಚಾದರದಲ್ಲಿ ಉಬ್ಬು ಈ ತುದಿಯಿಂದ ಆ ತುದಿಗೆ ಓಡುತ್ತದಲ್ಲ, ಹಾಗೆ ಸಾಗುವುದು ಮಡಿಕೆ ಮಾತ್ರ. ದಡದ ಹತ್ತಿರ ಆಳ ತಗ್ಗಿದಾಗ ಬುಡ ನಿಧಾನವಾಗಿ, ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಹಿಂದೂ ಮಹಾಸಾಗರದ ತೆಂಕಣ ತುದಿಯ ಬಿರುಗಾಳಿ ಎಬ್ಬಿಸಿದ ತೆರೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು, ಇಲ್ಲಿ ಗಾಳಿಯ ಸುಳಿವೇ ಇಲ್ಲದ ಬೇಸಿಗೆಯ ದಿನ ದಡ ಮೀರಿ ನುಗ್ಗುವುದುಂಟು. ಕೇರಳದ ಮೀನುಗಾರರು ಅದನ್ನು ‘ಕಳ್ಳಕ್ಕಡಲ್’ ಎಂದು ಕರೆದರು. ನಮಗೆ ಅನುವಾದವೇ ಬೇಡ. 2012ರಲ್ಲಿ ಯುನೆಸ್ಕೊ ಆ ಹೆಸರನ್ನು ಒಪ್ಪಿಕೊಂಡಿತು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಈಗ ಅದೇ ಹೆಸರಿನಲ್ಲಿ ಮುನ್ನೆಚ್ಚರಿಕೆ ಕೊಡುತ್ತದೆ. ದಿನವೂ ಕಡಲಿಗಿಳಿಯುವವರ ಮಾತು ವಿಜ್ಞಾನದ ಮಾತಾದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇನ್ನು ಪರದೆಯ ತೆರೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ಇಬ್ಬರು ತೆರೆ ಹಿಡಿದಿರುತ್ತಾರೆ. ಹಿಂದಿನಿಂದ ಆರ್ಭಟ ಕೇಳುತ್ತದೆ, ಕಿರೀಟದ ತುದಿ ಆಡುತ್ತದೆ, ಚೆಂಡೆ ಏರುತ್ತದೆ; ಮುಖ ಮಾತ್ರ ಕಾಣದು. ಮಕ್ಕಳು ಹೆದರುವುದು ಆಗಲೇ. ಕಡಲು ಮನುಷ್ಯನ ಕಲ್ಪನೆಯನ್ನು ಹಿಡಿದಿಟ್ಟಿರುವುದೂ ಹೀಗೆಯೇ, ಮೈಯಷ್ಟೇ ತೋರಿಸಿ ಒಡಲನ್ನು ಮರೆಮಾಡಿ. ಮುಳುಗಿದ ದ್ವಾರಕೆ, ಹಾಲಾಹಲ, ಅದರ ಹಿಂದೆಯೇ ಅಮೃತ, ಎಲ್ಲವನ್ನೂ ನಮ್ಮವರು ಇರಿಸಿದ್ದು ಆ ಮರೆಯಲ್ಲಿ.

ಆದರೆ ಬಾಗಿಲು ತೆರೆ ಎನ್ನುವಾಗಿನ ತೆರೆ ಬೇರೆಯೇ ಪದ. ಹಳಗನ್ನಡದಲ್ಲಿ ಅದಕ್ಕೆ ‘ಱ’ ಇತ್ತು. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಮುಚ್ಚುವ ತೆರೆಯೂ ಬಿಚ್ಚುವ ತೆರೆಯೂ ಒಂದೇ ರೂಪಕ್ಕೆ ಬಂದವು.

ಈಗ ಪತ್ರಿಕೆಗಳಲ್ಲಿ ತೆರೆ ಬಹುಪಾಲು ಸಿನಿಮಾ, ಟಿವಿಗಳದ್ದು: ಬೆಳ್ಳಿತೆರೆ, ಕಿರುತೆರೆ, ತೆರೆಗೆ ಬಂತು. ನೀರಿನ ಕೆಲಸವೆಲ್ಲ ಅಲೆಯ ಪಾಲಾಗಿದೆ. ಅದೇ ಅಲೆ ಚುನಾವಣೆಗೂ ಬೇಕು, ಸೋಂಕಿಗೂ ಬೇಕು. ಉಳ್ಳಾಲದ ಕಡಲ್ಕೊರೆತದ ಸುದ್ದಿಯಲ್ಲಾದರೂ ತೆರೆ ಎಂದೇ ಬರೆಯಲಿ ಎಂಬುದು ನನ್ನ ಆಸೆ. ಒಂದರ ಮೇಲೊಂದು ಮಡಿಚಿ ಬಂದು, ಹೆಂಚಿನ ಮನೆಯ ಅಡಿಪಾಯದಿಂದ ಮರಳನ್ನು ಎಳೆದೊಯ್ಯುವ ಆ ನೀರಿಗೆ ಅದಕ್ಕಿಂತ ಸರಿಯಾದ ಹೆಸರು ನಮ್ಮಲ್ಲಿಲ್ಲ.