ಹಾರ್ಮೋನಿಯಂ: ಹಳೆಯದನ್ನು ಕೊಳ್ಳುವ ಮುನ್ನ ಅದರ ಚರಿತ್ರೆ

ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಾಗಲಿ, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಹಳ್ಳಿಯೊಂದರಲ್ಲಾಗಲಿ, ಸಂಗೀತ ಕಲಿಯಬೇಕೆಂಬ ಆಸೆ ಹುಟ್ಟಿದ ಹುಡುಗನಿಗೋ ಹುಡುಗಿಗೋ ಮೊದಲು ಕಣ್ಣಿಗೆ ಬೀಳುವ ವಾದ್ಯ ಯಾವುದು? ವೀಣೆಯಲ್ಲ, ಪಿಟೀಲಲ್ಲ, ಟೀವಿಯಲ್ಲಿ ಕಾಣುವ ಗಿಟಾರ್ ಅಂತೂ ಅಲ್ಲ. ಭಜನೆ ಮನೆಯ ಮೂಲೆಯಲ್ಲೋ ನಾಟಕದ ಮೇಷ್ಟ್ರ ಮನೆಯ ಅಟ್ಟದ ಮೇಲೋ ಬಟ್ಟೆ ಹೊದ್ದು ಕುಳಿತಿರುವ ಹಾರ್ಮೋನಿಯಂ. ನಮ್ಮ ಜನ ಅದನ್ನು ಪ್ರೀತಿಯಿಂದ ‘ಪೆಟ್ಟಿಗೆ’ ಎಂದೇ ಕರೆಯುತ್ತಾರೆ. ಹೊಸದನ್ನು ಕೊಳ್ಳುವಷ್ಟು ಹಣ ಇರುವುದಿಲ್ಲ. ಯಾರೋ ಹೇಳುತ್ತಾರೆ: ‘ಇಂಥವರ ಮನೆಯಲ್ಲಿ ಅಜ್ಜನ ಕಾಲದ್ದೊಂದು ಇದೆ, ಪ್ಯಾರಿಸ್ ರೀಡು, ಈಗ ಅಂಥದ್ದು ಸಿಗುವುದಿಲ್ಲ, ಬೇಕಾದರೆ ಕೊಡಿಸುತ್ತೇನೆ’.

ಕೊಳ್ಳಬೇಕೆ, ಬೇಡವೆ? ಈ ಪ್ರಶ್ನೆಗೆ ಉತ್ತರ ಕೊಡಲು ಸಂಗೀತಜ್ಞಾನಕ್ಕಿಂತ ಮೊದಲು ಸ್ವಲ್ಪ ಚರಿತ್ರೆ ಬೇಕು, ಸ್ವಲ್ಪ ಭೌತವಿಜ್ಞಾನ ಬೇಕು. ಶೇಂಗಾ ಮಾರಿ ಬಂದ ಹಣದಲ್ಲಿ ಒಂದಿಷ್ಟನ್ನು ಮನೆಯವರು ನಿಮ್ಮ ಕೈಗಿಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆ ಹಣ ಹೋದರೆ ಮುಂದಿನ ಬೆಳೆಗೆ ಮತ್ತೆ ಬಂದೀತು. ಆದರೆ ಶ್ರುತಿ ಕೆಟ್ಟ ಪೆಟ್ಟಿಗೆಯ ಮುಂದೆ ಎರಡು ವರ್ಷ ಕುಳಿತು ಸ-ರಿ-ಗ-ಮ ಹಾಡಿದ ಕಿವಿಯನ್ನು ಮತ್ತೆ ದಾರಿಗೆ ತರುವುದು ಬಹಳ ಕಷ್ಟ. ನಷ್ಟ ನಿಜವಾಗಿ ಆಗುವುದು ಅಲ್ಲಿ.

ಮೊದಲು ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ನೋಡೋಣ. ಹಿತ್ತಾಳೆಯ ಸಣ್ಣ ಚೌಕಟ್ಟು, ಅದರ ನಡುವೆ ಒಂದು ಸೀಳು, ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಭದ್ರಪಡಿಸಿದ ತೆಳುವಾದ ನಾಲಗೆ. ಗಾಳಿ ನುಗ್ಗಿದಾಗ ನಾಲಗೆ ಸೀಳಿನ ಒಳಕ್ಕೂ ಹೊರಕ್ಕೂ ಆಡುತ್ತದೆ. ಇದೇ ರೀಡು. ಈ ತತ್ತ್ವ ಯೂರೋಪಿನದಲ್ಲ. ಚೀನಾದ ಶೆಂಗ್ ಎಂಬ ಬಾಯಿವಾದ್ಯದಲ್ಲಿ ಇದು ಪ್ರಾಚೀನ ಕಾಲದಿಂದ ಇತ್ತು. 1770ರ ದಶಕದಲ್ಲಿ ಬೀಜಿಂಗಿನಲ್ಲಿದ್ದ ಫಾದರ್ ಆಮಿಯೋ ಎಂಬ ಫ್ರೆಂಚ್ ಪಾದ್ರಿ ಶೆಂಗ್ ವಾದ್ಯಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದರು. ಯೂರೋಪಿನಲ್ಲಿ ಇಂಥ ರೀಡಿನ ಪ್ರಯೋಗಗಳು ಹೆಚ್ಚಿದ್ದು ಆ ಕಾಲದಿಂದೀಚೆಗೆ. ಕೊನೆಗೆ 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ ಎಂಬ ಕುಶಲಕರ್ಮಿ ತನ್ನ ವಾದ್ಯಕ್ಕೆ ‘ಹಾರ್ಮೋನಿಯಂ’ ಎಂದು ಹೆಸರಿಟ್ಟು ಹಕ್ಕುಪತ್ರ ಪಡೆದ. ಅದು ಮೇಜಿನಷ್ಟು ದೊಡ್ಡದು. ಕುರ್ಚಿಯ ಮೇಲೆ ಕುಳಿತು ಎರಡು ಕಾಲಿನಿಂದ ತಿದಿಯೊತ್ತಿ, ಎರಡೂ ಕೈಯಿಂದ ನುಡಿಸಬೇಕಾದದ್ದು.

ಪಾದ್ರಿಗಳ ಜೊತೆ, ಅಧಿಕಾರಿಗಳ ಜೊತೆ ಅದು ನಮ್ಮ ದೇಶಕ್ಕೆ ಬಂತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ಗಾಯಕರಿಗೆ ಕಾಲಿನ ತಿದಿಯಿಂದೇನು ಪ್ರಯೋಜನ? ನಮ್ಮ ಸಂಗೀತಕ್ಕೆ ಒಮ್ಮೆಗೆ ಒಂದೇ ಸ್ವರಸಾಲು ಸಾಕು, ಒಂದು ಕೈ ಬಿಡುವಾಗಿಯೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ತಮ್ಮ ದ್ವಾರ್ಕಿನ್ ಸಂಸ್ಥೆಯಲ್ಲಿ ಈ ವಾದ್ಯವನ್ನು ಕುಗ್ಗಿಸಿ, ತಿದಿಯನ್ನು ಹಿಂಬದಿಗೆ ತಂದು, ಎಡಗೈಯಿಂದ ಒತ್ತುವ ಹಾಗೆ ಮಾಡಿದರು. ಹೀಗೆ ಅದು ನಮ್ಮದಾಯಿತು. ಆದರೆ ಹೊರಗಿನ ಮರಗೆಲಸ ಇಲ್ಲಿಯದಾದರೂ ಒಳಗಿನ ರೀಡು ಬಹುಕಾಲ ಪ್ಯಾರಿಸ್ಸಿನಿಂದಲೂ ಜರ್ಮನಿಯಿಂದಲೂ ಬರುತ್ತಿತ್ತು. ಎರಡನೆಯ ಮಹಾಯುದ್ಧ ಮತ್ತು ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧಗಳು ಆ ದಾರಿಯನ್ನು ಕಿರಿದುಗೊಳಿಸಿದವು. ಗುಜರಾತಿನ ಪಾಲಿತಾಣಾ ರೀಡು ತಯಾರಿಕೆಗೆ ಹೆಸರಾಯಿತು. ‘ಪ್ಯಾರಿಸ್ ರೀಡು’ ಎಂಬ ಮಾತಿಗೆ ಇಂದಿಗೂ ಇರುವ ಮಂತ್ರಶಕ್ತಿಯ ಮೂಲ ಇದು. ಹೆಸರಿಗೆ ಕಿಮ್ಮತ್ತು ಬಂದ ಕಡೆ ಹೆಸರನ್ನು ಅಂಟಿಸುವವರೂ ಹುಟ್ಟುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸೀಮೆಗೆ ಈ ಪೆಟ್ಟಿಗೆಯನ್ನು ಹೊತ್ತು ತಂದದ್ದು ಮುಖ್ಯವಾಗಿ ರಂಗಭೂಮಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿತು. ದಾವಣಗೆರೆಯಿಂದ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಹೊರಟಿತು. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯ ಊರೇ ಆಗಿತ್ತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಡೇರೆಯ ಕಟ್ಟಕಡೆಯ ಸಾಲಿಗೂ ಶ್ರುತಿ ಕೇಳಿಸಬೇಕಾಗಿದ್ದರಿಂದ ಕಂಪನಿಗಳಲ್ಲಿ ಕಾಲಿನಿಂದ ಒತ್ತುವ ‘ಲೆಗ್ ಹಾರ್ಮೋನಿಯಂ’ ರಾಜ್ಯವಾಳಿತು. ಕಂಪನಿಯ ಆಟ ನೋಡಿದ ಹಳ್ಳಿಗರು ತಾವೇ ಬಣ್ಣ ಹಚ್ಚಿದರು. ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ ಆಡಬೇಕೆಂದರೆ ಇಂದಿಗೂ ಮೊದಲು ಗೊತ್ತುಮಾಡುವುದು ಹಾರ್ಮೋನಿಯಂ ಮೇಷ್ಟ್ರನ್ನು. ಅವರೇ ನಿರ್ದೇಶಕರು, ಅವರೇ ಸಂಗೀತದ ಗುರು, ದುರ್ಯೋಧನನಿಗೆ ಪದ್ಯ ಮರೆತಾಗ ಸ್ವರ ಹಿಡಿದು ಕಾಪಾಡುವವರೂ ಅವರೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ತಿರುಗಾಟ ನಡೆಸುತ್ತಿರುವ ‘ಶಿವಸಂಚಾರ’ ತಂಡದ ನಾಟಕಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ರಂಗಸಂಗೀತ ನಿಮ್ಮ ಜಿಲ್ಲೆಯಲ್ಲಿ ಸತ್ತುಹೋದ ವಿದ್ಯೆಯಲ್ಲ.

ಇಷ್ಟೆಲ್ಲ ಜನಪ್ರಿಯವಾದ ವಾದ್ಯ ಮೂವತ್ತೊಂದು ವರ್ಷ ಬಾನುಲಿಯಿಂದ ಬಹಿಷ್ಕೃತವಾಗಿತ್ತು ಎಂದರೆ ನಂಬುತ್ತೀರಾ? ನಮ್ಮ ಸೋದರ ಮಾಧ್ಯಮವಾದ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ನುಡಿಸುವುದನ್ನು ನಿಲ್ಲಿಸಿತು. ಅದಕ್ಕೆ ಮುಂಚೆ, 1938ರಲ್ಲಿ, ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ಈ ವಾದ್ಯದ ವಿರುದ್ಧ ಕಟುವಾದ ಲೇಖನ ಬರೆದಿದ್ದರು. ರವೀಂದ್ರನಾಥ ಠಾಕೂರರೂ ಅದನ್ನು ದೂರವಿಡಬೇಕೆಂದು 1940ರ ಜನವರಿಯಲ್ಲಿ ಕಲ್ಕತ್ತ ಕೇಂದ್ರಕ್ಕೆ ಪತ್ರ ಬರೆದರು. 1971ರಲ್ಲಿ ನಿರ್ಬಂಧ ಭಾಗಶಃ ಸಡಿಲವಾಯಿತು.

ಆಕ್ಷೇಪಣೆ ಬರೀ ಸ್ವದೇಶಿ ಅಭಿಮಾನದ್ದಲ್ಲ, ಅದರಲ್ಲಿ ಗಣಿತವೂ ಇತ್ತು. ಷಡ್ಜದ ಕಂಪನ ಸೆಕೆಂಡಿಗೆ 240 ಎಂದುಕೊಳ್ಳಿ. ತಂಬೂರಿಯ ಜೊತೆ ಇಂಪಾಗಿ ಕೂಡುವ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 300. ಆದರೆ ಪಿಯಾನೋದ ಹಾಗೆ ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿದ ಪೆಟ್ಟಿಗೆಯಲ್ಲಿ ಅದೇ ಗಾಂಧಾರ ಸುಮಾರು 302.4 ಆಗುತ್ತದೆ. ವ್ಯತ್ಯಾಸ ಅಲ್ಪ, ಪಳಗಿದ ಕಿವಿಗೆ ಮಾತ್ರ ಮುಳ್ಳು. ಮೇಲಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಇದರಲ್ಲಿ ನಿಜವಾಗಿ ಬಾರದು. ನಡುವಿನ ದಾರಿಯೇ ಇಲ್ಲ, ಮೆಟ್ಟಿಲು ಮಾತ್ರ ಇವೆ. ಈ ಕೊರತೆಗಳನ್ನು ಒಪ್ಪಿಕೊಂಡೂ ನನ್ನ ಅಭಿಪ್ರಾಯ ಹೇಳುವುದಾದರೆ ನಿಷೇಧ ಅತಿಯಾಯಿತು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, 2010ರಲ್ಲಿ ತೀರಿಕೊಂಡ ಪಂಡಿತ್ ರಾಂಭಾವು ಬಿಜಾಪುರೆಯವರು ಇದೇ ಪೆಟ್ಟಿಗೆಯಿಂದ ಎಂಥ ಹಾಡುಗಾರಿಕೆ ತೆಗೆದರು ಎಂಬುದನ್ನು ಧ್ವನಿಮುದ್ರಣಗಳಲ್ಲಿ ಕೇಳಿ ನೋಡಿ. ಇನ್ನೊಂದು ತಮಾಷೆ: ಹಾರ್ಮೋನಿಯಂ ಕಂಡರಾಗದ ವಿದ್ವಾಂಸರೂ ತಮ್ಮ ಶ್ರುತಿಯನ್ನು ‘ಒಂದು ಮನೆ’, ‘ಐದೂವರೆ ಮನೆ’ ಎಂದೇ ಹೇಳುತ್ತಾರೆ. ಆ ಮನೆಗಳು ಯಾರವು? ಈ ಪೆಟ್ಟಿಗೆಯವೇ.

ಈಗ ಅಜ್ಜನ ಕಾಲದ ಪೆಟ್ಟಿಗೆಯ ಹತ್ತಿರ ಬರೋಣ. ಚರಿತ್ರೆ ಗೊತ್ತಿದ್ದರೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ತಾನಾಗಿ ತಿಳಿಯುತ್ತದೆ. ತೇಗದ ಮೈ, ಹಿತ್ತಾಳೆಯ ಹೂಬಳ್ಳಿ, ಕಲ್ಕತ್ತೆಯ ಹೆಸರಿನ ಫಲಕ, ಇವು ನೋಡಲು ಚೆನ್ನ; ಧ್ವನಿ ಇವುಗಳಿಂದ ಬರುವುದಿಲ್ಲ. ‘ಮನೆಗಳು ದಂತದವು’ ಎಂದು ಯಾರಾದರೂ ಬೆಲೆ ಏರಿಸಿದರೆ ಅಲ್ಲಿಂದ ಎದ್ದು ಬನ್ನಿ: 1972ರ ವನ್ಯಜೀವಿ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ. ಹಳೆಯದೆಲ್ಲ ಹೊನ್ನೆಂಬ ಭ್ರಮೆ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬಾಸ್ ಗಿಟಾರಿಗೂ ಇದೇ ಗತಿ. 1965ರಲ್ಲಿ ಅವರ ಕಂಪನಿ ಸಿ.ಬಿ.ಎಸ್. ಎಂಬ ದೊಡ್ಡ ಸಂಸ್ಥೆಗೆ ಮಾರಾಟವಾಯಿತು. ಅದಕ್ಕೆ ಹಿಂದಿನದು ಎಂದರೆ ಸಾಕು, ಬೆಲೆ ಗಗನಕ್ಕೇರುತ್ತದೆ. ಒಳಗಿನ ಭಾಗ ಬದಲಾಗಿದೆಯೇ ಇಲ್ಲವೇ ಎಂದು ಬಿಚ್ಚಿ ನೋಡುವುದು ಅಲ್ಲಿಯ ಜಾಣ ಗಿರಾಕಿಯ ಕ್ರಮ.

ನೀವೂ ಬಿಚ್ಚಿಸಿ ನೋಡಿ. ಒಬ್ಬರೇ ಹೋಗಬೇಡಿ, ನಿಮ್ಮೂರಿನ ನಾಟಕದ ಮೇಷ್ಟ್ರನ್ನು ಕರೆದುಕೊಂಡು ಹೋಗಿ. ಮಾರುವವರು ಮೇಲ್ಮುಚ್ಚಳ ತೆಗೆಯಲು ಒಪ್ಪದಿದ್ದರೆ ಅದೇ ಒಂದು ಉತ್ತರ. ತೆಗೆಯುವ ಮೊದಲು ತಿದಿಯನ್ನು ಪರೀಕ್ಷಿಸಿ: ಸ್ಟಾಪುಗಳನ್ನೆಲ್ಲ ಎಳೆದು, ಯಾವ ಮನೆಯನ್ನೂ ಮುಟ್ಟದೆ ಗಾಳಿ ತುಂಬಿ. ತುಂಬಿದ ಮೇಲೆ ತಿದಿ ನಿಮ್ಮ ಕೈಗೆ ಎದುರು ನಿಲ್ಲಬೇಕು. ಸುಮ್ಮನೆ ಒಳಗೆ ಹೋದರೆ, ಸುಯ್ ಎಂದರೆ, ಯಾರೂ ಒತ್ತದೆ ಒಂದು ಮನೆ ತಾನೇ ಹಾಡತೊಡಗಿದರೆ ಎಲ್ಲೋ ಸೋರಿಕೆ ಇದೆ. ಇದಕ್ಕೆ ಹೆದರಬೇಕಾಗಿಲ್ಲ. ತಿದಿಯ ಚರ್ಮ, ಬಟ್ಟೆ, ಮನೆಗಳ ಕೆಳಗಿನ ಮೆತ್ತೆ, ತಂತಿಯ ಸ್ಪ್ರಿಂಗು ಇವೆಲ್ಲ ಬದಲಾಯಿಸಬಹುದಾದವು. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿದರಾಯಿತು. ಮರ ಸೀಳಿದ್ದರೆ ಮಾತ್ರ ಎಚ್ಚರ. ಕರಾವಳಿಯ ತೇವದಲ್ಲಿ ಇದ್ದ ಪೆಟ್ಟಿಗೆ ಹಿರಿಯೂರಿನ ಒಣಹವೆಗೆ ಬಂದರೆ ಮರ ಕುಗ್ಗುತ್ತದೆ. ರೀಡು ಕೂಡಿಸಿದ ಹಲಗೆಯಲ್ಲೇ ಬಿರುಕು ಬಿಟ್ಟಿದ್ದರೆ ಅದು ದುಬಾರಿ ಕೆಲಸ.

ಅನಂತರ ರೀಡು. ಸಾಮಾನ್ಯವಾಗಿ ಮೂರೂವರೆ ಸ್ಥಾಯಿಯ ಪೆಟ್ಟಿಗೆಯಲ್ಲಿ 42 ಮನೆ. ಎರಡು ಸಾಲಿದ್ದರೆ 84 ರೀಡು. ಖರ್ಜದ ಸಾಲು ಇದ್ದರೆ ಧ್ವನಿಗೆ ತೂಕ ಬರುತ್ತದೆ. ಪ್ರತಿಯೊಂದು ರೀಡಿನ ಮೇಲೂ ಅದರ ಜೀವನಚರಿತ್ರೆ ಗೀಚಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಶ್ರುತಿ ಏರಿಸಬೇಕಾದರೆ ನಾಲಗೆಯ ಆಡುವ ತುದಿಯಲ್ಲಿ ಅರದಿಂದ ಉಜ್ಜುತ್ತಾರೆ, ತುದಿ ಹಗುರಾಗಿ ವೇಗ ಹೆಚ್ಚುತ್ತದೆ. ಇಳಿಸಬೇಕಾದರೆ ಬುಡದಲ್ಲಿ ಉಜ್ಜುತ್ತಾರೆ, ಬಿಗಿ ಕಡಿಮೆಯಾಗಿ ವೇಗ ತಗ್ಗುತ್ತದೆ. ಏರಿಸಿದರೂ ಇಳಿಸಿದರೂ ಲೋಹ ಮಾತ್ರ ಕಡಿಮೆಯಾಗುತ್ತಲೇ ಹೋಗುತ್ತದೆ. ಬುಡದಲ್ಲೂ ತುದಿಯಲ್ಲೂ ಒರಟಾದ ಗೆರೆಗಳು ತುಂಬಿದ್ದರೆ ಆ ರೀಡು ಹಲವು ಕೈಗಳನ್ನು ಕಂಡಿದೆ, ಹೆಚ್ಚು ದಿನ ಬಾಳದು. ಹೊಳಪು ಬೇರೆ, ಅಳತೆ ಬೇರೆ ಇರುವ ರೀಡುಗಳು ನಡುನಡುವೆ ಕಂಡರೆ ಅವು ಆಮೇಲೆ ಸೇರಿಸಿದವು. ನಾಲ್ಕಾರು ಇದ್ದರೆ ಪರವಾಗಿಲ್ಲ, ಅರ್ಧಕ್ಕರ್ಧ ಹಾಗಿದ್ದರೆ ‘ಪ್ಯಾರಿಸ್’ ಎಂಬ ಮಾತಿಗೆ ಹಣ ಕೊಡುವ ಅಗತ್ಯವಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಹಳೆಯ ಪೆಟ್ಟಿಗೆ ಮಾರುವ ಅನೇಕರು ಹೇಳುವುದೇ ಇಲ್ಲ. ಇಂದು ಜಗತ್ತಿನಾದ್ಯಂತ ‘ಎ’ ಎಂಬ ಮನೆಗೆ 440 ಕಂಪನ ಎಂಬ ನಿಯಮವಿದೆ. ಇದು ಅಂತಾರಾಷ್ಟ್ರೀಯ ಒಪ್ಪಂದವಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಫ್ರಾನ್ಸಿನಲ್ಲಿ 1859ರ ಕಾನೂನಿನಂತೆ 435 ಇತ್ತು. ಇಂಗ್ಲೆಂಡಿನ ಹಳೆಯ ಶ್ರುತಿ 452ರ ಆಸುಪಾಸಿಗೆ ಹೋಗಿತ್ತು. ಹಾಗಾಗಿ ನಿಜವಾದ ಹಳೆಯ ಪೆಟ್ಟಿಗೆ ತನ್ನಷ್ಟಕ್ಕೆ ತಾನು ಶುದ್ಧವಾಗಿದ್ದರೂ ಇಂದಿನ ಕೀಬೋರ್ಡಿನ ಜೊತೆ ಕೂಡದೆ ಹೋಗಬಹುದು. 435 ಮತ್ತು 440 ಒಟ್ಟಿಗೆ ನುಡಿದರೆ ಸೆಕೆಂಡಿಗೆ ಐದು ಸಲ ‘ವಂ-ವಂ’ ಎಂದು ಅಲೆ ಏಳುತ್ತದೆ. ಪಿಯುಸಿಯಲ್ಲಿ ವಿಸ್ಪಂದನ ಎಂದು ಓದುತ್ತೀರಲ್ಲ, ಅದೇ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಉಚಿತ ತಂತ್ರಾಂಶ ಸಿಗುತ್ತದೆ. ಒಂದೊಂದೇ ಮನೆಯನ್ನು ಸಮನಾದ ಗಾಳಿಯಲ್ಲಿ ನುಡಿಸಿ ಸಂಖ್ಯೆ ಬರೆದುಕೊಳ್ಳಿ. ಎಲ್ಲ ಮನೆಗಳೂ ಒಂದೇ ಪ್ರಮಾಣದಲ್ಲಿ ತಗ್ಗಿದ್ದರೆ ಅದು ವಯಸ್ಸು. ಒಂಟಿಯಾಗಿ ಹಾಡಿಕೊಳ್ಳುವವರಿಗೆ, ಭಜನೆಗೆ ಅದರಿಂದ ತೊಂದರೆಯಿಲ್ಲ. ಒಂದು ಏರಿ ಒಂದು ಇಳಿದಿದ್ದರೆ ಅದು ರೋಗ. ಆ ಪೆಟ್ಟಿಗೆಯನ್ನು ಪೂರ್ತಿ ಶ್ರುತಿ ಮಾಡಿಸದೆ ಕಲಿಯಲು ಕೂರಬೇಡಿ.

ಲೆಗ್ ಹಾರ್ಮೋನಿಯಂ ಸಿಕ್ಕರೆ? ಅದರ ನಾದ ಕೇಳಿದವರಿಗೆ ಮೋಹ ಬಿಡದು. ಆದರೆ ಹರಿಕಾರನಿಗೆ ಬೇಡ. ಭಾರ, ಜಾಗ, ರಿಪೇರಿ ಮೂರೂ ಕಷ್ಟ. ಅದನ್ನು ಕೊಳ್ಳಬೇಕಾದವರು ನಿಮ್ಮ ಊರಿನ ನಾಟಕ ಸಂಘದವರು. ಗುಜರಿಗೆ ಹೋಗುವ ಮುನ್ನ ಅವರ ಕಿವಿಗೆ ಸುದ್ದಿ ಹಾಕಿ. ಮನೆಗಳನ್ನು ಪಕ್ಕಕ್ಕೆ ಸರಿಸಿ ಶ್ರುತಿ ಬದಲಿಸುವ ಪೆಟ್ಟಿಗೆಯೂ ಆರಂಭಕ್ಕೆ ಅನಗತ್ಯ. ಹೊಸ ಸಾಧಾರಣ ಪೆಟ್ಟಿಗೆಯ ಬೆಲೆಯನ್ನು ಮೊದಲೇ ಅಂಗಡಿಯಲ್ಲಿ ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಳೆಯದರ ಬೆಲೆ, ರಿಪೇರಿ ಖರ್ಚು, ಸಾಗಾಣಿಕೆ ಮೂರೂ ಸೇರಿ ಅದನ್ನು ದಾಟುವುದಾದರೆ ರೀಡು ನಿಜಕ್ಕೂ ಅಪರೂಪದ್ದಾಗಿರಬೇಕು.

ಮನೆಗೆ ತಂದ ಮೇಲೆ ಕಿಟಕಿಯ ಬಿಸಿಲಿಗೆ ಇಡಬೇಡಿ. ತಿದಿಯನ್ನು ತೆರೆದೇ ಬಿಟ್ಟು ಮಲಗಬೇಡಿ, ಚರ್ಮಕ್ಕೆ ಇಲಿ, ಜಿರಲೆ ಎರಡೂ ಬೀಳುತ್ತವೆ. ಒಂದು ಮನೆ ಇದ್ದಕ್ಕಿದ್ದಂತೆ ಮೂಕವಾದರೆ ಗಾಬರಿಯಾಗದೆ ಮುಚ್ಚಳ ತೆಗೆದು ಆ ರೀಡನ್ನು ನೋಡಿ. ಬಹುಪಾಲು ಸಲ ಸೀಳಿನಲ್ಲಿ ಒಂದು ಕಣ ಧೂಳು ಸಿಕ್ಕಿಕೊಂಡಿರುತ್ತದೆ. ತೆಳುವಾದ ಕಾಗದದ ಚೂರನ್ನು ನಾಲಗೆಯ ಕೆಳಗೆ ಮೆಲ್ಲಗೆ ಹಾಯಿಸಿ ಎಳೆದರೆ ಅದು ಮತ್ತೆ ಹಾಡುತ್ತದೆ.