ಪೊಲೀಸಪ್ಪ ಬೆರಳಿಟ್ಟ ಆ ನಂಬರ್: 1949

2025ರ ಮಾರ್ಚ್. ವಿಯೆಟ್ನಾಂನ ಉತ್ತರ ತುದಿಯ ಹಾ ಜಿಯಾಂಗ್. ಒಂದು ಕಡೆ ಕಡಿದಾದ ಸುಣ್ಣಕಲ್ಲಿನ ಬೆಟ್ಟ, ಇನ್ನೊಂದು ಕಡೆ ಕಣ್ಣಿಗೆ ಕಾಣದಷ್ಟು ಆಳದ ಕಣಿವೆ. ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ಗೆಳೆಯರು ಮತ್ತು ನಾನು, ಮೂರು ಬಾಡಿಗೆ ಬೈಕು. ಪೇಟೆ ದಾಟಿ ಅರ್ಧ ಗಂಟೆ ಆಗಿಲ್ಲ, ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು.

ನನಗೇನೂ ಭಯ ಇರಲಿಲ್ಲ. ಯಾಕೆ ಅಂದ್ರೆ ನನ್ನ ಬ್ಯಾಗಿನಲ್ಲಿ ಬ್ರಹ್ಮಾಸ್ತ್ರ ಇತ್ತು. ಬೆಂಗಳೂರಿನಲ್ಲಿ ಆರ್‌ಟಿಒಗೆ ಸಾವಿರ ರೂಪಾಯಿ ಶುಲ್ಕ ಕಟ್ಟಿ, ಪಾಸ್‌ಪೋರ್ಟ್, ವೀಸಾ ಪ್ರತಿ ಕೊಟ್ಟು ಮಾಡಿಸಿಕೊಂಡ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ. ಹೆಸರಲ್ಲೇ ‘ಅಂತಾರಾಷ್ಟ್ರೀಯ’ ಅಂತ ಇದೆಯಲ್ಲ! ಹೆಮ್ಮೆಯಿಂದ ತೆಗೆದುಕೊಟ್ಟೆ. ಆ ಪೊಲೀಸಪ್ಪ ನನ್ನ ಫೋಟೊ ನೋಡಲಿಲ್ಲ, ಹೆಸರು ನೋಡಲಿಲ್ಲ. ಮೊದಲ ಪುಟದಲ್ಲೇ ಒಂದು ಕಡೆ ಬೆರಳಿಟ್ಟರು. ಅಲ್ಲಿ ಅಚ್ಚಾಗಿದ್ದದ್ದು ಒಂದು ಇಸವಿ. 1949. ಆಮೇಲೆ ತಮ್ಮ ಫೋನಿಗೆ ಏನೋ ಹೇಳಿ, ಅನುವಾದವಾಗಿ ಬಂದದ್ದನ್ನು ನನ್ನ ಮುಖದ ಮುಂದೆ ಹಿಡಿದರು. ಇದು 1949, ನಮಗೆ 1968 ಬೇಕು. ಅಷ್ಟೇ.

ದಂಡ 30 ಲಕ್ಷ. ಗಾಬರಿಯಾಗಬೇಡಿ, ರೂಪಾಯಿ ಅಲ್ಲ, ಡಾಂಗ್. ನಮ್ಮ ದುಡ್ಡಲ್ಲಿ ಸುಮಾರು 10 ಸಾವಿರ. ರಸೀದಿ ಕೊಟ್ಟರು, ಬೈಯಲಿಲ್ಲ, ಕೂಗಾಡಲಿಲ್ಲ. ಬೈಕು ಮಾತ್ರ ಅಲ್ಲೇ ನಿಂತಿತು.

ಆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ನಾನು ಯೋಚಿಸಿದ್ದು ಒಂದೇ. 1949 ಅಂದ್ರೆ ಏನು? 1968 ಅಂದ್ರೆ ಏನು? ಬೈಕ್ ಓಡಿಸೋಕೂ ಈ ಇಸವಿಗಳಿಗೂ ಏನು ಸಂಬಂಧ? ವಾಪಸ್ ಬಂದು ಹುಡುಕಿದಾಗ ಸಿಕ್ಕಿದ್ದು ನೂರು ವರ್ಷಕ್ಕೂ ಹಳೆಯ ಕಥೆ.

ಕಥೆ ಶುರುವಾಗೋದು ಜರ್ಮನಿಯಿಂದ. ಕಾರ್ಲ್ ಬೆಂಜ್ ತಾನು ಕಂಡುಹಿಡಿದ ಗಾಡಿಯನ್ನು ಬೀದಿಗೆ ತಂದಾಗ ಊರವರಿಗೆ ಅದರ ಸದ್ದು, ಹೊಗೆಯ ವಾಸನೆ ಎರಡೂ ಸಹಿಸೋಕೆ ಆಗಲಿಲ್ಲ. 1888ರಲ್ಲಿ ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ಆತ ಲಿಖಿತ ಅನುಮತಿ ಪಡೆಯಬೇಕಾಯಿತು. ಜಗತ್ತಿನ ಮೊದಲ ಡಿಎಲ್ ಅಂತ ಅದನ್ನೇ ಹೇಳ್ತಾರೆ. ಅಂದ್ರೆ ಕಾರು ಕಂಡುಹಿಡಿದವನಿಗೂ ಲೈಸೆನ್ಸ್ ಇಲ್ಲದೆ ಓಡಿಸೋ ಭಾಗ್ಯ ಇರಲಿಲ್ಲ! ಬ್ರಿಟನ್ 1903ರಲ್ಲಿ ಲೈಸೆನ್ಸ್ ಕಡ್ಡಾಯ ಮಾಡಿತು. ಐದು ಶಿಲ್ಲಿಂಗ್ ಕೊಟ್ಟರೆ ಸಾಕು, ಟೆಸ್ಟ್ ಗಿಸ್ಟ್ ಏನೂ ಇಲ್ಲ. ಕಾರಿಗೆ 17 ವರ್ಷ ಆಗಿರಬೇಕು, ಮೋಟಾರ್ ಸೈಕಲ್ಲಿಗೆ 14 ಸಾಕು. ನಮ್ಮಲ್ಲಿ ಹೈಸ್ಕೂಲ್ ಹುಡುಗರು ಅಪ್ಪನ ಗಾಡಿ ಕದ್ದು ಓಡಿಸ್ತಾರಲ್ಲ, ಅವರಿಗೆ ಈ ಕಾನೂನು ತೋರಿಸಬೇಡಿ. ಟೆಸ್ಟ್ ಕಡ್ಡಾಯವಾಗಿದ್ದು 1935ರಲ್ಲಿ, ಅಂದ್ರೆ 32 ವರ್ಷ ಆದ ಮೇಲೆ.

ಸಮಸ್ಯೆ ಬಂದದ್ದು ಗಡಿಯಲ್ಲಿ. ಪ್ಯಾರಿಸ್‌ನ ಶ್ರೀಮಂತ ಕಾರು ತಗೊಂಡು ಇಟಲಿಗೆ ಹೊರಟರೆ ಅಲ್ಲಿನ ಪೊಲೀಸ್ ಅವನ ಕಾಗದ ಒಪ್ಪಬೇಕಲ್ಲ? ಹಾಗಾಗಿ 1909ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ದೇಶಗಳೆಲ್ಲ ಕೂತವು. ಫ್ರಾನ್ಸ್, ಜರ್ಮನಿ, ಬ್ರಿಟನ್, ಇಟಲಿ, ರಷ್ಯಾ ಎಲ್ಲರೂ ಒಂದೇ ಟೇಬಲ್ಲಿನಲ್ಲಿ. ‘ನಿನ್ನ ಚಾಲಕನನ್ನು ನಾನು ನಂಬ್ತೀನಿ, ನನ್ನ ಚಾಲಕನನ್ನು ನೀನು ನಂಬು’ ಅನ್ನೋದೇ ಒಪ್ಪಂದದ ತಿರುಳು. ಗಾಡಿಗೂ ಚಾಲಕನಿಗೂ ಸೇರಿಸಿ ಒಂದೇ ಪ್ರಯಾಣದ ಪಾಸ್. ಜೊತೆಗೆ ರಸ್ತೆಯಲ್ಲಿ ಅಪಾಯ ಸೂಚಿಸೋ ನಾಲ್ಕೇ ನಾಲ್ಕು ಫಲಕ: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಇಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ನಂಬಿದವರು ಐದೇ ವರ್ಷದಲ್ಲಿ ಫಿರಂಗಿ ಹಿಡಿದು ಮೊದಲ ಮಹಾಯುದ್ಧಕ್ಕೆ ಇಳಿದರು, ಅದು ಬೇರೆ ಮಾತು. ಯುದ್ಧ ಮುಗಿದ ಮೇಲೆ, 1926ರಲ್ಲಿ, ಮತ್ತೆ ಪ್ಯಾರಿಸ್‌ನಲ್ಲೇ ಸೇರಿ ಗಾಡಿಯ ಕಾಗದ ಬೇರೆ, ಚಾಲಕನ ಕಾಗದ ಬೇರೆ ಅಂತ ಮಾಡಿದರು. ಇವತ್ತಿನ ಅಂತಾರಾಷ್ಟ್ರೀಯ ಪರವಾನಗಿ ಹುಟ್ಟಿದ್ದು ಆಗ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಬಹಳ ಜನಕ್ಕೆ ಗೊತ್ತಿಲ್ಲ. ಈ ಪುಸ್ತಕ ಹೊಸ ಲೈಸೆನ್ಸ್ ಅಲ್ಲವೇ ಅಲ್ಲ. ನಿಮ್ಮೂರಿನ ಡಿಎಲ್‌ನ ಅನುವಾದ ಅಷ್ಟೇ. ಒರಿಜಿನಲ್ ಡಿಎಲ್ ಮನೆಯಲ್ಲಿ ಬಿಟ್ಟು ಇದೊಂದನ್ನೇ ಹಿಡ್ಕೊಂಡು ಹೋದರೆ ಎಲ್ಲೂ ನಡೆಯಲ್ಲ.

ಎರಡನೇ ಮಹಾಯುದ್ಧದ ನಂತರ ವಿಶ್ವಸಂಸ್ಥೆ ಬಂತು. 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ಹೊಸ ರಸ್ತೆ ಸಂಚಾರ ಒಪ್ಪಂದ ಆಯಿತು. ಭಾರತ ಅದನ್ನು 1962ರಲ್ಲಿ ಅನುಮೋದಿಸಿತು. ನಮ್ಮ ಆರ್‌ಟಿಒ ಕೊಡೋ ಪುಸ್ತಕದ ಮೇಲೆ 1949 ಅಂತ ಇರೋದು ಇದಕ್ಕೇ. ಅವಧಿ ಒಂದು ವರ್ಷ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದ. ಇದು ಜಾರಿಗೆ ಬಂದದ್ದು 1977ರಲ್ಲಿ. ಇದರ ಪ್ರಕಾರ ಪರವಾನಗಿಗೆ ಗರಿಷ್ಠ ಮೂರು ವರ್ಷ ಅವಧಿ. ವಾಹನಗಳ ವರ್ಗ ಬೇರೆ, ನಮೂನೆ ಬೇರೆ.

ನಾನು ಓದಿದ್ದು ಇಂಜಿನಿಯರಿಂಗ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸಾಫ್ಟ್‌ವೇರ್ ವರ್ಷನ್ ಸಮಸ್ಯೆ. ಎರಡೂ ಒಪ್ಪಂದಕ್ಕೆ ಸೇರಿದ ದೇಶ ಇದ್ದರೆ ತೊಂದರೆ ಇಲ್ಲ. ಆದರೆ ಹಳೆಯದಕ್ಕೆ ಮಾತ್ರ ಸೇರಿದ ದೇಶದವನು ಹೊಸದಕ್ಕೆ ಮಾತ್ರ ಸೇರಿದ ದೇಶಕ್ಕೆ ಹೋದರೆ? ಎರಡು ಮಷೀನು ಪರಸ್ಪರ ಮಾತಾಡೋದೇ ಇಲ್ಲ. ಆ ಎರಡು ದೇಶಗಳ ನಡುವೆ ಈ ವಿಷಯದಲ್ಲಿ ಒಪ್ಪಂದವೇ ಇಲ್ಲ ಅಂತ ಅರ್ಥ. ಇನ್ನೂ ತಮಾಷೆ ಕೇಳಿ. 1968ರಲ್ಲಿ ವಿಯೆನ್ನಾದಲ್ಲಿ ಒಂದಲ್ಲ, ಎರಡು ಒಪ್ಪಂದ ಆಗಿದ್ದು. ಒಂದು ಸಂಚಾರದ್ದು, ಇನ್ನೊಂದು ರಸ್ತೆ ಫಲಕ ಮತ್ತು ಸಿಗ್ನಲ್‌ನದ್ದು. ಫಲಕದ ಒಪ್ಪಂದಕ್ಕೆ ಭಾರತ 1980ರಲ್ಲಿ ಸೇರಿದೆ. ಸಂಚಾರದ ಒಪ್ಪಂದಕ್ಕೆ ಸೇರಿಲ್ಲ. ಬೋರ್ಡು ಒಪ್ಪಿದ್ದೀವಿ, ಲೈಸೆನ್ಸ್ ಒಪ್ಪಿಲ್ಲ!

ಈಗ ವಿಯೆಟ್ನಾಂ ಕಡೆ ಬರೋಣ. 1949ರ ಒಪ್ಪಂದಕ್ಕೆ ವಿಯೆಟ್ನಾಂ ಯಾವತ್ತೂ ಸೇರೇ ಇರಲಿಲ್ಲವಾ ಅಂದ್ರೆ, ಸೇರಿತ್ತು. ಯಾವ ವಿಯೆಟ್ನಾಂ ಅನ್ನೋದು ಪ್ರಶ್ನೆ. 1950ರ ದಶಕದಲ್ಲಿ ಸಹಿ ಹಾಕಿದ್ದು ಸೈಗಾನ್ ಸರ್ಕಾರ. 1975ರ ಏಪ್ರಿಲ್ 30ರಂದು ಆ ಸರ್ಕಾರವೇ ಬಿತ್ತು, ಅದರ ಜೊತೆ ಆ ಸಹಿಯೂ ಬೆಲೆ ಕಳಕೊಂಡಿತು. ಈಗಿನ ವಿಯೆಟ್ನಾಂ 1968ರ ಒಪ್ಪಂದಕ್ಕೆ ಸೇರಿದ್ದು 2014ರಲ್ಲಿ. ಹಾಗಾಗಿ ಅವರು ಒಪ್ಪೋದು ಆ ಒಪ್ಪಂದದಡಿ ಕೊಟ್ಟ ಪರವಾನಗಿಯನ್ನು. ಬ್ಯಾಗಲ್ಲಿ ನಮ್ಮ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾನೂನಿನ ಕಣ್ಣಲ್ಲಿ ನಾನು ಲೈಸೆನ್ಸ್ ಇಲ್ಲದ ಸವಾರ.

ಆ ದೇಶದಲ್ಲಿ ಬೈಕ್ ಇಲ್ಲದೆ ಬದುಕೋದು ಹೇಗೆ ಅನ್ನೋದೂ ನಿಜವೇ. ಹತ್ತು ಕೋಟಿ ಜನ, 7 ಕೋಟಿಗೂ ಹೆಚ್ಚು ನೋಂದಾಯಿತ ಮೋಟಾರ್ ಬೈಕು. ಇದರ ಹಿಂದೆ ಒಂದು ಪುಟ್ಟ ಗಾಡಿ ಇದೆ. 1958ರಲ್ಲಿ ಹೋಂಡಾ ತಂದ ಸೂಪರ್ ಕಬ್. ಕ್ಲಚ್ ಹಿಡಿಯೇ ಇಲ್ಲ, ಎಂಜಿನ್ ವೇಗ ಏರಿದಂತೆ ಕ್ಲಚ್ ತಾನೇ ಹಿಡಿದುಕೊಳ್ಳುತ್ತೆ. ಜಪಾನಿನಲ್ಲಿ ನೂಡಲ್ಸ್ ಮನೆಗೆ ತಲುಪಿಸೋ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸಬೇಕು ಅನ್ನೋದು ಲೆಕ್ಕಾಚಾರ. ನಮ್ಮಲ್ಲಿ ಹೀರೋ ಹೋಂಡಾ ಸ್ಟ್ರೀಟ್ ಅಂತ ಒಂದು ಗಾಡಿ ಬಂದಿತ್ತು, ನೆನಪಿದೆಯಾ? ಅದೂ ಇದೇ ವಂಶ. ನಮ್ಮವರು ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ವಿಯೆಟ್ನಾಂ ಹಚ್ಚಿಕೊಂಡಿತು. ಯುದ್ಧದ ನಡುವೆಯೇ, 1960ರ ದಶಕದಲ್ಲಿ, ಸೈಗಾನಿಗೆ ಸಾವಿರಾರು ಹೋಂಡಾಗಳು ಬಂದಿಳಿದವು. ಎಷ್ಟರ ಮಟ್ಟಿಗೆ ಅಂದ್ರೆ ದಕ್ಷಿಣದಲ್ಲಿ ಯಾವ ಕಂಪನಿಯ ಬೈಕಾದರೂ ಅದಕ್ಕೆ ‘ಹೋಂಡಾ’ ಅಂತಲೇ ಹೆಸರಾಯಿತು. ನಾವು ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ.

ಯುದ್ಧ ಮುಗಿದ ಮೇಲೆ ಪೆಟ್ರೋಲಿಗೆ ಬರ. ಹನೋಯ್ ಬೀದಿ ತುಂಬ ಸೈಕಲ್. 1986ರಲ್ಲಿ ‘ದೋಯ್ ಮೋಯ್’ ಅನ್ನೋ ಆರ್ಥಿಕ ಸುಧಾರಣೆ ಶುರುವಾಯಿತು, ನಿಧಾನಕ್ಕೆ ಜನರ ಕೈಯಲ್ಲಿ ಕಾಸು ಓಡಾಡಿತು. 90ರ ದಶಕದಲ್ಲಿ ಮನೆ ಮುಂದೆ ಒಂದು ಹೋಂಡಾ ಡ್ರೀಮ್ ನಿಂತಿದ್ದರೆ ಆ ಮನೆಯ ಮರ್ಯಾದೆಯೇ ಬೇರೆ. 2000ದ ಸುಮಾರಿಗೆ ಚೀನಾದ ಅಗ್ಗದ ಬೈಕುಗಳು ನುಗ್ಗಿದವು, ಬೆಲೆ ಬಿತ್ತು, ಮನೆಮನೆಗೂ ಬೈಕು ಬಂತು. ಬೈಕಿನ ಜೊತೆಗೆ ತಲೆ ಒಡೆಯೋದೂ ಹೆಚ್ಚಾಯಿತು. ಆಗ ಸರ್ಕಾರ ಒಂದು ದಿನ ಗೊತ್ತು ಮಾಡಿತು: 2007ರ ಡಿಸೆಂಬರ್ 15. ಅವತ್ತಿನಿಂದ ಎಲ್ಲ ರಸ್ತೆಯಲ್ಲೂ, ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ರಾತ್ರಿ ಬೆಳಗಾಗೋದರೊಳಗೆ ಬೀದಿಯ ಚಿತ್ರವೇ ಬದಲಾಯಿತು, ಹೆಲ್ಮೆಟ್ ಧರಿಸೋರ ಪ್ರಮಾಣ ಶೇ. 90 ದಾಟಿತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಅಂತ ಹೊರಟಿದ್ದು 2016ರಲ್ಲಿ. ಆ ನಿಯಮ ಇವತ್ತು ಎಷ್ಟು ಪಾಲನೆಯಾಗ್ತಿದೆ ಅಂತ ನೀವು ಕಿಟಕಿ ತೆಗೆದು ರಸ್ತೆ ನೋಡಿದರೆ ಗೊತ್ತಾಗುತ್ತೆ.

2020ರಿಂದ ಅಲ್ಲಿ ಒಂದು ಹನಿ ಮದ್ಯ ಕುಡಿದು ಗಾಡಿ ಹತ್ತಿದರೂ ಅಪರಾಧ. 2025ರ ಜನವರಿ 1ರಿಂದ ದಂಡ ಇನ್ನೂ ಜೋರು. ಬೈಕಿನವನು ಸಿಗ್ನಲ್ ಜಂಪ್ ಮಾಡಿದರೆ 40ರಿಂದ 60 ಲಕ್ಷ ಡಾಂಗ್. 125 ಸಿಸಿವರೆಗಿನ ಬೈಕನ್ನು ಲೈಸೆನ್ಸ್ ಇಲ್ಲದೆ ಓಡಿಸಿದರೆ 20ರಿಂದ 40 ಲಕ್ಷ. ಅದಕ್ಕಿಂತ ದೊಡ್ಡ ಬೈಕಾದರೆ 60ರಿಂದ 80 ಲಕ್ಷ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ ದಂಡ ಇದೆ. ಆದರೂ ನನಗೆ ಬೈಕು ಕೊಟ್ಟ ಅಂಗಡಿಯವನು ಕೇಳಿದ್ದು ಪಾಸ್‌ಪೋರ್ಟ್ ಮತ್ತು ಮುಂಗಡ. ಲೈಸೆನ್ಸ್ ಅನ್ನೋ ಪದ ಅವನ ಬಾಯಿಂದ ಬರಲಿಲ್ಲ. ನಾನೇ ಕೇಳಿದ್ದಕ್ಕೆ ‘ಏನೂ ತೊಂದರೆ ಇಲ್ಲ’ ಅಂತ ನಕ್ಕ. ಆ ನಗುವನ್ನು ನಂಬಿದ್ದು ನನ್ನ ತಪ್ಪು.

ದಂಡ ಬಿಡಿ, ಕಟ್ಟಿದರೆ ಮುಗೀತು. ನನ್ನ ನಿದ್ದೆ ಕೆಡಿಸಿದ್ದು ಬೇರೆ ವಿಷಯ. ಹೋಗುವ ಮುಂಚೆ ತಗೊಂಡ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯನ್ನು ಆ ರಾತ್ರಿ ಮೊದಲ ಬಾರಿಗೆ ಪೂರ್ತಿ ಓದಿದೆ. ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಆ ದೇಶದ ಕಾನೂನಿನ ಪ್ರಕಾರ ಸಿಂಧುವಾದ ಲೈಸೆನ್ಸ್ ಇಲ್ಲದೆ ವಾಹನ ಓಡಿಸುವಾಗ ಆದ ಗಾಯಕ್ಕೆ ಪರಿಹಾರ ಇಲ್ಲ. ಅಂದ್ರೆ ಆ ಪೊಲೀಸಪ್ಪ ನಮ್ಮನ್ನು ತಡೆಯದೆ ಇದ್ದು, ನಾನು ಮುಂದಿನ ತಿರುವಿನಲ್ಲಿ ಜಾರಿ ಬಿದ್ದು, ಆಸ್ಪತ್ರೆ ಸೇರಿದ್ದರೆ? ಅಲ್ಲಿಂದ ಹನೋಯ್‌ಗೆ ಸುಮಾರು 300 ಕಿಲೋಮೀಟರ್. ಆಂಬುಲೆನ್ಸ್, ಆಪರೇಷನ್, ಸ್ಟ್ರೆಚರ್ ಮೇಲೆ ವಿಮಾನ, ಪೂರ್ತಿ ಖರ್ಚು ಮನೆಯವರ ತಲೆಗೆ. ನಮ್ಮಪ್ಪ ಬೆಂಗಳೂರಲ್ಲಿ ಸೈಟ್ ಮಾರಬೇಕಾಗಿತ್ತೇನೋ. ಇನ್ನೊಬ್ಬರಿಗೆ ಗುದ್ದಿದ್ದರೆ ತಪ್ಪು ಯಾರದ್ದಾದರೂ ನಾನು ಲೈಸೆನ್ಸ್ ಇಲ್ಲದವನೇ.

ವರ್ಷಕ್ಕೆ ಎರಡು ಸಲ ಹೋಗಿ ಬರೋರ ಕಥೆ ಇದು. ಕೆಲಸಕ್ಕೆ ಅಂತ ಅಲ್ಲೇ ಇರೋ ನಮ್ಮವರಿಗೆ ದಾರಿ ಇದೆ. ಮೂರು ತಿಂಗಳು ಅಥವಾ ಹೆಚ್ಚಿನ ವೀಸಾ ಇದ್ದರೆ, ಇಲ್ಲವೇ ರೆಸಿಡೆನ್ಸ್ ಕಾರ್ಡ್ ಇದ್ದರೆ, ನಮ್ಮ ಡಿಎಲ್ ಅನುವಾದ ಮಾಡಿಸಿ, ದೃಢೀಕರಿಸಿ, ಅಲ್ಲಿನ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಬಹುದು. ಆದರೆ ನಿಮ್ಮ ಡಿಎಲ್‌ನಲ್ಲಿ ಮೋಟಾರ್ ಸೈಕಲ್ ನಮೂದು ಇರಬೇಕು. ಬರೀ ಕಾರಿನದ್ದು ಇದ್ದರೆ ಕಾರಿಗೆ ಮಾತ್ರ. ಯುರೋಪಿನಿಂದ 1968ರ ಪರವಾನಗಿ ಹಿಡಿದು ಬರೋರೂ ಇದೇ ಜಾಗದಲ್ಲಿ ಸಿಕ್ಕಿಬೀಳ್ತಾರೆ. ಪುಸ್ತಕ ಸರಿ, ಬೈಕಿನ ವರ್ಗಕ್ಕೆ ಮುದ್ರೆ ಇಲ್ಲ.

ನಾವೇ ಯಾವಾಗಲೂ ಸೋಲೋದು ಅಂದುಕೊಳ್ಳಬೇಡಿ. ಜಪಾನ್ ಒಪ್ಪೋದು 1949ರ ಪುಸ್ತಕವನ್ನು. 1968ರದ್ದನ್ನು ಒಪ್ಪಲ್ಲ. ಜರ್ಮನಿಯವನು ತನ್ನ ಹೊಸ ಪುಸ್ತಕ ಹಿಡಿದು ಟೋಕಿಯೊಗೆ ಹೋದರೆ ಅದು ನಡೆಯಲ್ಲ, ಅವನ ಜರ್ಮನ್ ಲೈಸೆನ್ಸ್‌ಗೆ ಜಪಾನಿ ಅನುವಾದ ಮಾಡಿಸಬೇಕು. ನಮ್ಮ ಪುಸ್ತಕ ಅಲ್ಲಿ ನಡೆಯುತ್ತೆ! ಇನ್ನು ಜರ್ಮನಿ 1949ಕ್ಕೆ ಸೇರೇ ಇಲ್ಲ, ಆದರೂ ಅಲ್ಲಿ ನೆಲೆಸಲು ಹೋದ ಭಾರತೀಯನಿಗೆ ಅವರದೇ ಕಾನೂನಿನ ಪ್ರಕಾರ ಅನುವಾದದ ಜೊತೆ ಆರು ತಿಂಗಳು ಓಡಿಸೋ ಅವಕಾಶ ಇದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ. ಬ್ರಿಟನ್‌ನಲ್ಲಿ 12 ತಿಂಗಳು, ಆಮೇಲೆ ಅಲ್ಲೂ ಪರೀಕ್ಷೆ. ಇಲ್ಲಿ ಹದಿನೈದು ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದವನು ಅಲ್ಲಿ ಎಲ್-ಬೋರ್ಡ್ ಹಾಕಿಕೊಂಡು ಕೂರಬೇಕು.

ಅವತ್ತು ನಾವು ಏನು ಮಾಡಿದ್ವಿ ಅಂತ ಕೇಳ್ತೀರಾ? ಹಾ ಜಿಯಾಂಗ್‌ನಲ್ಲಿ ಸ್ಥಳೀಯರೇ ಬೈಕ್ ಓಡಿಸಿ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗೋ ವ್ಯವಸ್ಥೆ ಇದೆ. ಮೂರು ದಿನ ಹಿಂದಿನ ಸೀಟು. ಹಾ ಜಿಯಾಂಗ್‌ನಿಂದ ಮ್ಯೋ ವಾಕ್‌ವರೆಗಿನ ಆ ರಸ್ತೆಗೆ ‘ಸಂತೋಷದ ರಸ್ತೆ’ ಅಂತ ಹೆಸರು. 1959ರಿಂದ 1965ರವರೆಗೆ, ಸುಮಾರು 185 ಕಿಲೋಮೀಟರ್, ಯುವ ಸ್ವಯಂಸೇವಕರು ಬಹುಪಾಲು ಕೈ ಉಪಕರಣಗಳಲ್ಲೇ ಕಡಿದದ್ದು. ಮಾ ಪಿ ಲೆಂಗ್ ಕಣಿವೆಯ ಬಂಡೆಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಹನ್ನೊಂದು ತಿಂಗಳು ನೇತಾಡಿಕೊಂಡೇ ಕಲ್ಲು ಒಡೆದರಂತೆ. ಅದೇ ತಿರುವಿನಲ್ಲಿ ನನ್ನ ಸಾರಥಿ, ಇಪ್ಪತ್ತೈದರ ಆಸುಪಾಸಿನ ಹುಡುಗ, ಬೈಕ್ ನಿಲ್ಲಿಸಿ ಕೆಳಗೆ ಹಸಿರಾಗಿ ಹರಿಯೋ ನ್ಯೋ ಕ್ವೆ ನದಿ ತೋರಿಸಿದ. ನಾನು ಮುಂದೆ ಕೂತಿದ್ದರೆ ರಸ್ತೆ ಬಿಟ್ಟು ನದಿ ನೋಡೋಕೆ ಆಗ್ತಿರಲಿಲ್ಲ. ಅವನ ಲೈಸೆನ್ಸ್ ತೋರಿಸು ಅಂದೆ. ನಕ್ಕು ಜೇಬಿನಿಂದ ಕಾರ್ಡ್ ತೆಗೆದ.